ಪೂಜೆಗೂ ಮುಂಚೆ ಎದ್ದ ಕಂಪ್ಯೂಟರ್‌ಗಳು

ಗೆಳೆಯರೇ, ಕೊಟ್ಟೂರಿನ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಇವತ್ತು ಮಧ್ಯಾಹ್ನದವರೆಗೂ ಬಿಲ್ಲುಗಳನ್ನು ಕೈಯಲ್ಲೇ ಬರೆದರು. ಬಿಲ್ಲಿಂಗ್ ನಿಂತಿದೆ ಎಂದು ಬೆಳಿಗ್ಗೆ ಫೋನ್ ಮಾಡಿ ತಿಳಿಸಿದವರು ಅಂಗಡಿಯ ಸಾಹುಕಾರರೇ.

ಹರಪನಹಳ್ಳಿಯ ಮನೆಯಿಂದಲೇ ಅವರ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬಿಲ್ಲಿಂಗ್ ಸಾಫ್ಟ್‌ವೇರ್ ಅಪ್‌ಡೇಟ್ ಆಗಬೇಕಿತ್ತು. ಗಿರಾಕಿಗಳು ಬರುವ ಮೊದಲೇ ಮುಗಿಸೋಣವೆಂದು ಬೆಳಿಗ್ಗೆ ಇಲ್ಲಿಂದ ಇಂಟರ್ನೆಟ್ ಮೂಲಕ ಒಂದು ಸಾಲಿನ ಕಮಾಂಡ್ ಕೊಟ್ಟು, ಅಲ್ಲಿ ಆಫ್ ಆಗಿದ್ದ ಮೂರೂ ಕಂಪ್ಯೂಟರ್‌ಗಳನ್ನು ಆನ್ ಮಾಡಿದೆ. ಷಟರ್ ಎತ್ತಿದ ಸಾಹುಕಾರರಿಗೆ, ದೇವರಿಗೆ ಇನ್ನೂ ದೀಪ ಹಚ್ಚದ ಅಂಗಡಿಯಲ್ಲಿ ಮೂರು ಪರದೆಗಳು ಬೆಳಗುತ್ತಿರುವುದು ಕಂಡಿತು. ಮೇನ್ ಸ್ವಿಚ್ಚನ್ನೇ ಆರಿಸಿಬಿಟ್ಟರು. ಅಪ್‌ಡೇಟ್ ಅರ್ಧಕ್ಕೆ ನಿಂತು ಬಿಲ್ಲಿಂಗ್ ಕೆಟ್ಟಿತು. ಸಾಹುಕಾರರು ಫೋನಿನಲ್ಲೇ ರೇಗಿದರು.

“ದೇವ್ರಿಗಿಂತ ಮುಂಚೆ ಮಿಷನ್ ಎಬ್ಬಿಸೀರಲ್ರಿ! ಇನ್ನೊಮ್ಮೆ ಹಿಂಗ ಮಾಡಿದ್ರ ಬ್ಯಾರೆಯವ್ರನ್ನ ನೋಡ್ಕಂತೀನಿ.”

“ಗಿರಾಕಿ ಬರೋದ್ರಾಗ ಮುಗೀಲಿ ಅಂತ ಮಾಡಿದ್ನಿರೀ, ಸಾವ್ಕಾರ್ರ.”

“ಮತ್ತ ದೇವ್ರನ್ನ ಎಬ್ಬಿಸೋ ಕಮಾಂಡೂ ಐತೇನು ನಿಮ್ಮ ಹತ್ರ?”

“ಇಲ್ರಿ, ಅದು ನಿಮ್ಮ ಕೈಯಾಗಿನ ಗಂಟ್ಯಾಗ ಐತಿ.”

ಸಾಹುಕಾರರು ನಕ್ಕುಬಿಟ್ಟರು. ನನ್ನ ಕೆಲಸ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಹಳೆಯ ಸಾಫ್ಟ್‌ವೇರನ್ನೇ ಮತ್ತೆ ಹಾಕಿಕೊಟ್ಟೆ.

ಅಪ್‌ಡೇಟ್ ಇನ್ನೂ ಬಾಕಿ ಇದೆ. ನಾಳೆ ಮಂಗಳಾರತಿ ಮುಗಿದ ಮೇಲೆ ಅವರು ಮಿಸ್ಡ್ ಕಾಲ್ ಕೊಡುತ್ತಾರೆ. ಆಮೇಲೆ ನಾನು ಕಮಾಂಡ್ ಕೊಡುತ್ತೇನೆ.