ಕೂಸಿಲ್ಲದ ಬಾಣಂತಿಗೆ ಎರೆದ ನೀರು

ನನ್ನ ಮೊದಲ ಕೂಸು ಅಳಲಿಲ್ಲ. ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ನರೋಣಾದ ತವರುಮನೆಯಲ್ಲಿ ಎರಡು ದಿನ ಬ್ಯಾನೆ ತಿಂದ ಮೇಲೆ ಹುಟ್ಟಿದ ಹೆಣ್ಣುಕೂಸು ಅದು. ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು. ಹೆರಿಗೆ ಮಾಡಿಸಿದ ಖಾಲಾ ಅದರ ಬೆನ್ನು ತಟ್ಟಿದಳು, ಬಾಯಿಗೆ ಬಾಯಿಟ್ಟು ಊದಿದಳು, ಕೊನೆಗೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅವ್ವನ ಕೈಗೆ ಕೊಟ್ಟಳು. ಅಪ್ಪ ಅದನ್ನು ಹೊಲಕ್ಕೆ ಒಯ್ದ. ನನಗೆ ಮುಖ ತೋರಿಸಲಿಲ್ಲ.

ಖಾಲಾ ನಮ್ಮ ಹಿಂದಿನ ಓಣಿಯ ಮುಸಲ್ಮಾನರ ಮನೆಯ ಮುದುಕಿ. ಊರಿಗೆಲ್ಲ ಅವಳೇ ಸೂಲಗಿತ್ತಿ, ಬಾಣಂತಿಯರಿಗೆ ನೀರು ಎರೆಯುವವಳೂ ಅವಳೇ. ನಾನು ಹುಟ್ಟಿದಾಗ ನನ್ನನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆದಿದ್ದಳಂತೆ. ಅವಳ ತಾಯಿ, ತಾಯಿಯ ತಾಯಿ ನಿಜಾಮರ ಕಾಲದಿಂದ ಇದನ್ನೇ ಮಾಡಿಕೊಂಡು ಬಂದವರು. ಯಾವ ಹಳ್ಳದ ದಂಡೆಯಲ್ಲಿ ಯಾವ ಗಿಡ ಇದೆ ಎಂಬುದನ್ನು ಅವರು ಮಗಳಿಂದ ಮಗಳಿಗೆ ಬಾಯಿಮಾತಿನಲ್ಲೇ ದಾಟಿಸಿದ್ದರು.

ಮೂರನೆಯ ದಿನ ಅವಳು ಸೆರಗಿನಲ್ಲಿ ಸೊಪ್ಪು-ತಪ್ಪಲ ಕಟ್ಟಿಕೊಂಡು ಬಂದಳು. ಚಿಗವ್ವ ಬಾಗಿಲಲ್ಲೇ ತಡೆದಳು.

"ಕೂಸೇ ಇಲ್ಲ. ಇನ್ಯಾತರ ಬಾಣಂತನ? ಮಂದಿ ಏನಂತಾರ?"

"ಕೂಸು ಹೋಗ್ಯಾದ ಅಂತ ಇಕಿ ಮೈಗಿ ಯಾರ ಹೇಳ್ಯಾರ?" ಎಂದಳು ಖಾಲಾ. "ಮೈ ಹಡದದ. ಹಡದ ಮೈಗಿ ನೀರ ಬೇಕು. ಸರೀರಿ."

ಲಕ್ಕಿ ತಪ್ಪಲ, ಬೇವಿನ ತಪ್ಪಲ ಎರಡನ್ನೂ ಹಂಡೆಗೆ ಹಾಕಿ, ನೀರು ಕಪ್ಪು ಚಹಾದ ಬಣ್ಣಕ್ಕೆ ಬರುವ ತನಕ ಕುದಿಸಿದಳು. ಬೆಚ್ಚಗಿನ ಔಡಲ ಎಣ್ಣೆಯನ್ನು ಬೆನ್ನಿಗೆ, ಸೊಂಟಕ್ಕೆ ತಿಕ್ಕಿದಳು. ಆಮೇಲೆ ತಂಬಿಗೆಯಿಂದ ನೀರನ್ನು ಸೊಂಟದ ಮೇಲೆ ಹೊಡೆದ ಹಾಗೆ ಚೆಲ್ಲಿದಳು. "ಲಕ್ಕಿ ಬ್ಯಾನಿ ಎಳೀತದ, ಬೇವು ಗಾಯ ಮಾಗಿಸ್ತದ" ಎಂದು ಹೇಳಿಕೊಡುತ್ತಿದ್ದಳು, ಮುಂದೆ ನಾನೂ ಯಾರಿಗೋ ಎರೆಯಲಿದ್ದೇನೆ ಎಂಬಂತೆ. ಮನೆಗೆ ಬಂದ ಹೆಂಗಸರೆಲ್ಲ ಮತ್ತೊಂದು ಆಗ್ತದ ಬಿಡು ಅನ್ನುತ್ತಿದ್ದರು. ಬಚ್ಚಲಿನಲ್ಲಿ ಅತ್ತರೆ ಖಾಲಾ ಬೇಡ ಅನ್ನುತ್ತಿರಲಿಲ್ಲ, ಸಮಾಧಾನವನ್ನೂ ಹೇಳುತ್ತಿರಲಿಲ್ಲ. ನೀರು ಹಾಕುತ್ತಲೇ ಇರುತ್ತಿದ್ದಳು.

ನಾಲ್ಕನೆಯ ದಿನ ಹಾಲು ಬಂತು. ಕುಪ್ಪಸ ತೊಯ್ದು, ಎದೆ ಕಲ್ಲಾಗಿ ನೋವು ತಡೆಯಲಾಗಲಿಲ್ಲ. ಖಾಲಾ ಎಲ್ಲಿಂದಲೋ ಮಲ್ಲಿಗೆ ಹೂ ತಂದು, ಹಾಲು ಬತ್ತಲೆಂದು ಎದೆಗೆ ಹಚ್ಚಿ ಬಟ್ಟೆ ಕಟ್ಟಿದಳು. ಆ ವಾಸನೆ ನನಗೆ ಈಗಲೂ ಆಗುವುದಿಲ್ಲ. ಮದುವೆಮನೆಗಳಲ್ಲಿ ಮುಡಿಯಲು ಕೊಟ್ಟರೆ ಕೈಯಲ್ಲೇ ಹಿಡಿದುಕೊಂಡಿರುತ್ತೇನೆ.

ಎಂಟನೆಯ ದಿನ ಚಳಿಜ್ವರ ಬಂತು. ಎರೆದ ನೀರೇ ತಂಡಿ ಮಾಡಿತು ಎಂದು ಚಿಗವ್ವ ಗೊಣಗಿದಳು. ಇನ್ನಷ್ಟು ತಪ್ಪಲ ಹಾಕಿ ಗಟ್ಟಿಯಾಗಿ ಕುದಿಸಿದರೆ ಇಳಿಯುತ್ತದೆ ಎಂದು ಅವ್ವ ಒಲೆ ಹೊತ್ತಿಸಿದಳು. ಖಾಲಾ ನನ್ನ ಕಿಬ್ಬೊಟ್ಟೆ ಒತ್ತಿ ನೋಡಿದಳು. ಬಟ್ಟೆ ಮೂಸಿ ನೋಡಿದಳು. ಆಮೇಲೆ ನೆಲದ ಮೇಲೆ ಕುಳಿತುಬಿಟ್ಟಳು.

"ಒಲಿ ಆರಸ್ರಿ. ಇದು ತಪ್ಪಲ ನೀರಿನ ಕೆಲಸ ಅಲ್ಲ" ಎಂದಳು. "ಒಳಗ ಮಾಸಿನ ಚೂರು ಉಳದದ. ಅವತ್ತ ಹೊರಗ ಬಿದ್ದದ್ದು ಪೂರಾ ಅದನೋ ಇಲ್ಲೋ ನಾ ನೋಡ್ಲಿಲ್ಲ. ಕೂಸಿನ ಗಡಬಡಿಯೊಳಗ ಬಿಟ್ಟೆ. ತಪ್ಪು ನಂದೇ ಅದ. ಈಗಿಂದೀಗ ದವಾಖಾನಿಗಿ ಒಯ್ರಿ."

ಅಪ್ಪ ಜೀಪು ತಂದ. ಗುಲ್ಬರ್ಗಾದವರೆಗೂ ನನ್ನ ತಲೆ ಖಾಲಾನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅವ್ವ ಅವಳ ಕಡೆ ತಿರುಗಲಿಲ್ಲ. ದವಾಖಾನೆಯಲ್ಲಿ ಒಳಗಿನದನ್ನು ತೆಗೆದು ತೊಳೆದರು. ಒಂದು ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಮತ್ತೆ ಬಸುರಾಗುವುದು ಕಷ್ಟ ಎಂಬುದನ್ನು ಅಪ್ಪನಿಗೆ ಮಾತ್ರ ಹೇಳಿದ್ದರಂತೆ. ಅದು ನಿಜವೇ ಆಯಿತು.

ಊರಿಗೆ ಮರಳಿದ ಮೇಲೆ ಖಾಲಾನನ್ನು ಕರೆಸಿರಿ ಎಂದೆ.

"ಆಕಿ ನಿನ್ನ ಕೊಲ್ತಿದ್ಲು" ಎಂದಳು ಅವ್ವ.

"ಆಕಿ ಬಾಯಿ ಬಿಡದಿದ್ರ ಖರೇನ ಸಾಯ್ತಿದ್ದೆ, ಯವ್ವಾ. ನೀವು ನೀರ ಕುದಸ್ತಿದ್ರಿ."

ಅಪ್ಪ ತಾನೇ ಹೋಗಿ ಕರೆತಂದ. ಅವಳು ಅಂಗಳದಲ್ಲೇ ನಿಂತಿದ್ದಳು. ಅವ್ವ ಬಹಳ ಹೊತ್ತಿನ ಮೇಲೆ ಹಂಡೆಗೆ ನೀರು ತುಂಬಿದಳು. ನಲವತ್ತು ದಿನ ಮುಗಿಯುವ ತನಕ ಖಾಲಾನೇ ಎರೆದಳು. ಆದರೆ ಮುಂದೆ ಯಾರ ಮನೆಯ ಹೆರಿಗೆಗೂ ಹೋಗಲಿಲ್ಲ. ಕರೆಯಲು ಬಂದವರಿಗೆ, "ಎರ‍್ಯಾಕ ಬರ್ತೇನಿ, ಹಡಸಾಕ ಬರೂದಿಲ್ಲ" ಅನ್ನುತ್ತಿದ್ದಳಂತೆ.

ಗಂಡ ಬಂದು ನನ್ನನ್ನು ಜೇವರ್ಗಿ ಸೀಮೆಯ ತನ್ನ ಊರಿಗೆ ಕರೆದೊಯ್ದ. ಮರುದಿನ ನೆರೆಮನೆಯಾಕೆ ಬಂದು ನನ್ನ ಗದ್ದ ಹಿಡಿದು ನೋಡಿದಳು.

"ಮಾರಿ ಮ್ಯಾಲ ಏನ್ ಕಳಿ ಬಂದದ. ತವರಾಗ ನೀರ ಚಲೋ ಹಾಕ್ಯಾರ. ಏನೇನ್ ಕುದಸ್ತಿದ್ರು?"

ಅವಳ ಮಗಳು ಆಗ ಏಳು ತಿಂಗಳ ಬಸುರಿ. ಲಕ್ಕಿ, ಬೇವು, ಔಡಲ ಎಣ್ಣೆ ಎಲ್ಲವನ್ನೂ ಹೇಳಿಕೊಟ್ಟೆ. ಎಷ್ಟು ಹೊತ್ತು ಕುದಿಸಬೇಕು, ಎಲ್ಲಿ ಜೋರಾಗಿ ಹಾಕಬೇಕು ಎಂಬುದನ್ನೂ ಹೇಳಿದೆ. "ಹಡಸೂದು ಮಾತ್ರ ದವಾಖಾನ್ಯಾಗ ಮಾಡಸ್ರಿ" ಎಂದೆ. ಅವಳು ನನ್ನ ಮುಖವನ್ನು ಇನ್ನೊಮ್ಮೆ ನೋಡಿ, ಹೌದ್ರಿ ಎಂದು ಎದ್ದು ಹೋದಳು.