ಚೆಂಡಿಲ್ಲದ ನಲವತ್ತು ನಿಮಿಷ

ಜುಫೈರ್‌ನ ಒಳಾಂಗಣ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಶುಕ್ರವಾರ ಮಧ್ಯಾಹ್ನ ನಾನು ಕ್ಯಾಮೆರಾ ನಿಲ್ಲಿಸಿದ ಜಾಗ ಸರಿಯಾಗಿಯೇ ಇತ್ತು. ಪ್ರೇಕ್ಷಕರ ಮೆಟ್ಟಿಲಿನ ಮೂರನೇ ಸಾಲು, ನಡುಗೆರೆಗೆ ನೇರ. ಬೆಳಕು ಸಾಕಷ್ಟಿತ್ತು, ಬ್ಯಾಟರಿ ತುಂಬಿತ್ತು. ತಪ್ಪು ಇದ್ದದ್ದು ನನ್ನ ತಿಳಿವಳಿಕೆಯಲ್ಲಿ. ಅದು ಮಾರನೆಯ ದಿನದವರೆಗೂ ನನಗೆ ಗೊತ್ತಾಗಲಿಲ್ಲ.

ನಾನು ವಿಮಾ ಕಂಪನಿಗಳ ಪರವಾಗಿ ಅಪಘಾತವಾದ ವಾಹನಗಳನ್ನು ಪರೀಕ್ಷಿಸಿ ವರದಿ ಬರೆಯುವವನು. ಕೊಲ್ಲಿಯ ಈ ಪುಟ್ಟ ದೇಶದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅದೇ ಕೆಲಸ. ದಿನದ ಬಹುಪಾಲು ಸಲ್ಮಾಬಾದಿನ ಗ್ಯಾರೇಜುಗಳಲ್ಲೇ ಕಳೆಯುತ್ತದೆ. ಈ ಕೆಲಸಕ್ಕೆ ಸೇರಿದಾಗ ನನ್ನ ಮೇಲಿನವರು ಹೇಳಿಕೊಟ್ಟ ಮೊದಲ ಪಾಠವೆಂದರೆ, ಯಾವ ವಸ್ತುವಿನ ಮೇಲೆ ಕ್ಲೇಮು ಬಂದಿದೆಯೋ ಅದರಿಂದ ಕ್ಯಾಮೆರಾ ಸರಿಯಬಾರದು. ಸುತ್ತ ಏನಾದರೂ ನಡೆಯುತ್ತಿರಲಿ. ಆ ಶುಕ್ರವಾರ ನನಗೆ ಒಪ್ಪಿಸಿದ್ದು ಒಬ್ಬ ಹುಡುಗಿಯ ಆಟವನ್ನು. ನಾನು ಹುಡುಗಿಯನ್ನು ಬಿಟ್ಟು ಬೇರೇನನ್ನೂ ತೆಗೆಯಲಿಲ್ಲ.

ಸನದ್‌ನಲ್ಲಿ ನಾವಿರುವ ಕಟ್ಟಡದ ಕೆಳಗಿನ ಮಹಡಿಯಲ್ಲಿ ಅವಳ ಮನೆ. ತಂದೆ ಉಳ್ಳಾಲದ ಕಡೆಯ ಬ್ಯಾರಿ. ಸಲ್ಮಾಬಾದಿನಲ್ಲಿ ವಾಹನಗಳ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾರೆ. ನಾನು ತುಮಕೂರಿನವನು. ನನ್ನ ಕನ್ನಡ ಪುಸ್ತಕದ ಹಾಗಿದೆ ಎಂದು ಅವರು ತಮಾಷೆ ಮಾಡುತ್ತಾರೆ. ಮಗಳು ಹುಟ್ಟಿದ್ದು ಇಲ್ಲಿಯೇ. ಆಗ ಅವಳಿಗೆ ಹತ್ತೊಂಬತ್ತು, ಇಲ್ಲಿನ ಒಂದು ಕಾಲೇಜಿನಲ್ಲಿ ಬಿ.ಕಾಂ. ಮೊದಲ ವರ್ಷ. ಎತ್ತರ ಐದು ಅಡಿ ನಾಲ್ಕು ಇಂಚು. ಆ ಎತ್ತರದಲ್ಲಿ ಬಾಸ್ಕೆಟ್‌ಬಾಲ್ ಆಡಬೇಕೆಂದರೆ ತಲೆ ಬೇರೆಯವರಿಗಿಂತ ಒಂದು ಕ್ಷಣ ಮುಂಚೆ ಓಡಬೇಕು ಎಂದು ಅವಳ ಕೋಚ್ ಹೇಳುತ್ತಿದ್ದರು. ಕೋಚ್ ಫಿಲಿಪಿನೋ. ಜುಫೈರ್‌ನ ಒಂದು ಹೋಟೆಲಿನ ಸ್ವಾಗತ ಮೇಜಿನಲ್ಲಿ ಅವರಿಗೆ ಕೆಲಸ. ರಜೆಯ ದಿನಗಳಲ್ಲಿ ಶಾಲೆ ಕಾಲೇಜಿನ ಹುಡುಗಿಯರಿಗೆ ಆಟ ಕಲಿಸುತ್ತಿದ್ದರು.

ಆ ಹುಡುಗಿಗೆ ಮುಂದೆ ದಾರಿ ಎಲ್ಲಿದೆ ಎಂಬುದನ್ನು ಕೋಚ್ ಮೊದಲೇ ಬಿಡಿಸಿ ಹೇಳಿದ್ದರು. ಇಲ್ಲಿನ ಕ್ಲಬ್ಬುಗಳಲ್ಲಿ ಹೊರದೇಶದವರಿಗೆ ಇರುವ ಜಾಗ ತೀರಾ ಕಡಿಮೆ. ಆ ಜಾಗಕ್ಕೆ ಅವರು ಎತ್ತರದ, ಪಳಗಿದ ಆಟಗಾರ್ತಿಯನ್ನೇ ಕರೆಸುತ್ತಾರೆ. ಇಲ್ಲಿಯೇ ಹುಟ್ಟಿದ್ದರೂ ಕಾಗದದ ಪ್ರಕಾರ ಇವಳು ಹೊರಗಿನವಳು. ಉಳಿದಿದ್ದು ಚೆನ್ನೈನ ಒಂದು ಮಹಿಳಾ ಕಾಲೇಜು. ಅಲ್ಲಿನ ತಂಡದಿಂದ ರಾಜ್ಯ ತಂಡಕ್ಕೆ, ಅಲ್ಲಿಂದ ಮುಂದಕ್ಕೆ ಹೋದವರಿದ್ದಾರೆ. ಕ್ರೀಡಾ ಕೋಟಾದಲ್ಲಿ ಒಂದು ಸೀಟು ಖಾಲಿ ಇತ್ತು. ಅಲ್ಲಿನ ಕೋಚ್ ಹೆಂಗಸು, ಹಿಂದೆ ತಾವೂ ಆಡಿದವರು. ಫೋನಿನಲ್ಲಿ ಅವರು ತಂದೆಯ ಹತ್ತಿರ ಏನನ್ನೂ ಮುಚ್ಚಿಡಲಿಲ್ಲ. ನಮ್ಮ ದೇಶದಲ್ಲಿ ಹುಡುಗಿಯರಿಗೆ ಪ್ರೊಫೆಷನಲ್ ಆಗುವುದೆಂದರೆ ಹೆಚ್ಚಾಗಿ ರೈಲ್ವೆಯಲ್ಲಿ ಕೆಲಸ ಸಿಕ್ಕಿ ರೈಲ್ವೆ ತಂಡಕ್ಕೆ ಆಡುವುದು, ಹೊರದೇಶದ ಲೀಗಿಗೆ ಹೋಗುವವರು ಎಲ್ಲೋ ಒಬ್ಬರು ಇಬ್ಬರು ಎಂದರು.

ತಂದೆ ಆ ಸಂಜೆ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ಮಗಳನ್ನು ಕೇಳಿದರು: “ಅಂದ್ರೆ ಇಷ್ಟು ವರ್ಷ ಚೆಂಡು ಕುಟ್ಟಿದ್ದು ಟಿಕೆಟ್ ಕಲೆಕ್ಟರ್ ಆಗ್ಲಿಕ್ಕಾ?”

“ಹೌದು ಬಾಪಾ,” ಎಂದಳು ಅವಳು. “ನೀವು ರೈಲಲ್ಲಿ ಬಂದ್ರೆ ನಿಮ್ಮ ಟಿಕೆಟ್ ಮೊದಲು ಕೇಳ್ತೇನೆ.”

ಚೆನ್ನೈನ ಕೋಚ್ ಕೇಳಿದ್ದು ಒಂದೇ. ಬುಟ್ಟಿಗೆ ಹಾಕಿದ ಚೆಂಡುಗಳನ್ನೆಲ್ಲ ಆರಿಸಿ ಜೋಡಿಸಿದ ಮೂರು ನಿಮಿಷದ ವಿಡಿಯೋ ತಮಗೆ ಬೇಡ. ಕತ್ತರಿ ಹಾಕದ ಒಂದು ಇಡೀ ಪಂದ್ಯ ಬೇಕು, ಹತ್ತು ದಿನದೊಳಗೆ. ಈ ಋತುವಿನಲ್ಲಿ ಉಳಿದಿದ್ದ ಪಂದ್ಯವೂ ಒಂದೇ. ನನ್ನ ಹತ್ತಿರ ಒಳ್ಳೆಯ ಕ್ಯಾಮೆರಾ, ಸ್ಟ್ಯಾಂಡು ಎರಡೂ ಇದ್ದುದರಿಂದ ತಂದೆ ನನ್ನನ್ನು ಕೇಳಿದರು. ನಾನು ಅದುವರೆಗೆ ಬಾಸ್ಕೆಟ್‌ಬಾಲ್ ಪಂದ್ಯವನ್ನು ಪೂರ್ತಿಯಾಗಿ ಕುಳಿತು ನೋಡಿದವನಲ್ಲ. ಅದನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪಂದ್ಯ ಶುರುವಾದ ಕೂಡಲೇ ತಂದೆ ಎದ್ದು ಹೊರಗೆ ಹೋದರು. ಮಗಳು ಆಡುವುದನ್ನು ಅವರು ಎಂದೂ ನೋಡಿದವರಲ್ಲ. ಅವಳು ಬಿದ್ದರೆ ತನ್ನ ಕೈಕಾಲು ತಣ್ಣಗಾಗುತ್ತದೆ ಎಂದು ಹೇಳಿ, ಕಾರು ನಿಲ್ಲಿಸುವ ಜಾಗದಲ್ಲಿ ಆ ಬಿಸಿಲಿನಲ್ಲೇ ಅತ್ತಿತ್ತ ಓಡಾಡುತ್ತಾರೆ. ನಾನು ಒಬ್ಬನೇ ಉಳಿದೆ. ಹತ್ತು ಹತ್ತು ನಿಮಿಷದ ನಾಲ್ಕು ಪಾಳಿ, ಒಟ್ಟು ನಲವತ್ತು ನಿಮಿಷದ ಆಟ. ನಾನು ಕಣ್ಣು ತೆಗೆಯಲಿಲ್ಲ.

ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಅವಳು ಉದ್ದ ತೋಳಿನ ಅಂಗಿ, ಕಪ್ಪು ತಲೆವಸ್ತ್ರ ಹಾಕಿದ್ದಳು, ಅಂಗಿಯ ಮೇಲೆ ತಂಡದ ಜರ್ಸಿ. ಎದುರು ತಂಡ ಆಕ್ರಮಣಕ್ಕೆ ಬಂದಾಗ ಮೊಣಕಾಲು ಬಗ್ಗಿಸಿ ನಿಂತು ಒಂದು ಕೈಯನ್ನು ಒಂದು ಕಡೆಗೆ, ಇನ್ನೊಂದನ್ನು ತನ್ನ ಪಾಲಿನ ಹುಡುಗಿಯ ಕಡೆಗೆ ಚಾಚಿರುತ್ತಿದ್ದಳು. ಮೊದಲ ಕೈ ಏನನ್ನು ತೋರಿಸುತ್ತಿದೆ ಎಂದು ನನಗೆ ಆಗ ತಿಳಿಯಲಿಲ್ಲ. ಅದು ಚೆಂಡು ಇರುವ ದಿಕ್ಕು ಎಂದು ಆಮೇಲೆ ಗೊತ್ತಾಯಿತು. ಅವಳ ಬಾಯಿ ಒಂದು ಕ್ಷಣವೂ ಮುಚ್ಚಿರಲಿಲ್ಲ. ಹಿಂದಿನಿಂದ ಯಾರು ಬರುತ್ತಿದ್ದಾರೆ ಎಂದು ತನ್ನವರಿಗೆ ಕೂಗಿ ಹೇಳುತ್ತಿದ್ದಳು. ಪ್ರತಿ ಐದಾರು ಹೆಜ್ಜೆಗೊಮ್ಮೆ ಭುಜದ ಮೇಲಿಂದ ತಿರುಗಿ ನೋಡುತ್ತಿದ್ದಳು. ಏನೂ ನಡೆಯದ ಒಂದು ಮೂಲೆಗೆ ಸುಮ್ಮನೆ ನಡೆದು ಹೋಗಿ ನಿಲ್ಲುತ್ತಿದ್ದಳು; ಎರಡು ಸೆಕೆಂಡಿನ ಮೇಲೆ ಚೆಂಡು ಅದೇ ಮೂಲೆಗೆ ಬಂದು ಬೀಳುತ್ತಿತ್ತು. ಮೊದಲ ಸಲ ಅದು ಆಕಸ್ಮಿಕ ಎಂದುಕೊಂಡೆ. ನಾಲ್ಕನೇ ಸಲಕ್ಕೆ ನನ್ನ ಮೈ ಜುಮ್ಮೆಂದಿತು. ಇನ್ನೂ ನಡೆಯದಿರುವುದನ್ನು ನೋಡಿ ಅಲ್ಲಿಗೆ ಹೋಗಿ ಕಾಯುವವರನ್ನು ನಾನು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. ನಾನು ಯಾವಾಗಲೂ ನಡೆದುಹೋದ ಮೇಲೆ ತಲುಪುವವನು.

ಶನಿವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ತಂದೆ, ಮಗಳು, ಕೋಚ್ ಎಲ್ಲರೂ ಸೇರಿ ವಿಡಿಯೋ ಹಾಕಿದೆವು. ಪರದೆಯ ತುಂಬ ಅವಳೇ. ಬುಟ್ಟಿ ಇಲ್ಲ, ಉಳಿದ ಒಂಬತ್ತು ಜನ ಇಲ್ಲ, ಅವಳ ಕೈಗೆ ಬಂದಾಗಲಲ್ಲದೆ ಚೆಂಡೂ ಇಲ್ಲ.

ಫಿಲಿಪಿನೋ ಕೋಚ್ ಮೊದಲು ನಕ್ಕರು. ತಮ್ಮ ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದಲೇ ಹೇಳಿದರು: “ಸರ್, ನೀವು ಮದುವೆ ವಿಡಿಯೋ ತೆಗೆದಿದ್ದೀರಿ. ಬರೀ ಮದುಮಗಳು.”

ಹುಡುಗಿ ನಗಲಿಲ್ಲ. ಇನ್ನೊಂದು ಪಂದ್ಯವಿಲ್ಲ. ಬೇರೆ ಮನೆಯವರು ಫೋನಿನಲ್ಲಿ ತೆಗೆದದ್ದು ಅಲ್ಲೊಂದು ಇಲ್ಲೊಂದು ತುಣುಕು. ತಂದೆ ನನ್ನನ್ನು ಸಮಾಧಾನ ಮಾಡತೊಡಗಿದರು. ಅದು ಬೈದಿದ್ದಕ್ಕಿಂತ ಕಷ್ಟವಾಯಿತು. ಆದರೆ ಕೋಚ್ ಪರದೆಯಿಂದ ಕಣ್ಣು ತೆಗೆದಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವರ ನಗು ನಿಂತಿತು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಅರ್ಧ ಪಂದ್ಯ ಮುಗಿದಾಗ ಕೆಲಸಕ್ಕೆ ಹೊರಡಬೇಕಾಗಿತ್ತು, ಎದ್ದು ನಿಂತು ಇದನ್ನೇ ಕಳಿಸಿ ಎಂದರು. ಈ ಹುಡುಗಿ ಚೆಂಡಿಲ್ಲದಾಗ ಏನು ಮಾಡುತ್ತಾಳೆ ಎಂದು ಯಾವ ಕೋಚಿಗೂ ಯಾರೂ ತೋರಿಸುವುದಿಲ್ಲ, ಮೂರು ವರ್ಷದಿಂದ ಕಲಿಸುತ್ತಿರುವ ತಾನೂ ಇಷ್ಟನ್ನು ನೋಡಿರಲಿಲ್ಲ ಎಂದರು.

ಕಳಿಸುವ ಮೊದಲು ಕೊನೆಯವರೆಗೆ ಒಮ್ಮೆ ನೋಡುವುದು ನನ್ನ ಅಭ್ಯಾಸ. ಅವರೆಲ್ಲ ಹೋದ ಮೇಲೆ ಉಳಿದರ್ಧವನ್ನು ಹಾಕಿಕೊಂಡು ಕುಳಿತೆ. ಮೂರನೇ ಪಾಳಿಯ ನಾಲ್ಕನೇ ನಿಮಿಷದಲ್ಲಿ ಅವಳು ಹಾರಿ ಇಳಿದಳು. ಇಳಿದವಳು ಎಡ ಮೊಣಕಾಲಿನ ಒಳಬದಿಯನ್ನು ಅಂಗೈಯಿಂದ ಒತ್ತಿದಳು. ಒಂದು ಸೆಕೆಂಡು ಅಷ್ಟೇ. ಆಟ ಅವಳ ಕಡೆ ಬಂದಿತು, ಕೈ ತೆಗೆದಳು. ಮತ್ತೆ ಎರಡು ನಿಮಿಷಕ್ಕೆ ಅದೇ ಜಾಗ, ಅದೇ ಅಂಗೈ. ಅಲ್ಲಿಂದ ಪಂದ್ಯ ಮುಗಿಯುವವರೆಗೆ ಒಟ್ಟು ಆರು ಸಲ. ಎಲ್ಲರ ಕಣ್ಣು ದೂರದಲ್ಲಿದ್ದಾಗ ಮಾತ್ರ.

ನನಗೆ ಭಯವಾದದ್ದು ಒತ್ತಿದ್ದಕ್ಕಲ್ಲ, ಒತ್ತಿದ ರೀತಿಗೆ. ಹೊಸದಾಗಿ ಪೆಟ್ಟಾದವರು ಎಲ್ಲಿ ನೋವೆಂದು ಮೊದಲು ಬಗ್ಗಿ ನೋಡುತ್ತಾರೆ, ತಡಕುತ್ತಾರೆ. ಅವಳು ನೋಡಲೇ ಇಲ್ಲ. ಕೈ ತಾನಾಗಿ ಜಾಗ ಹುಡುಕಿಕೊಂಡು ಹೋಯಿತು. ನಮ್ಮ ಕೆಲಸದಲ್ಲಿ ಇದನ್ನು ಹಳೆಯ ಏಟು ಎನ್ನುತ್ತೇವೆ: ಇವತ್ತಿನ ಅಪಘಾತದ್ದಲ್ಲ, ಮೊದಲೇ ಇದ್ದು ಬಣ್ಣದಡಿ ಮುಚ್ಚಿದ್ದು. ಅಂಥದ್ದನ್ನು ಹಿಡಿದು ಬರೆಯುವುದಕ್ಕೇ ನನಗೆ ಸಂಬಳ. ವಿಡಿಯೋ ನಿಲ್ಲಿಸಿ, ಆರೂ ಜಾಗದ ನಿಮಿಷ ಸೆಕೆಂಡುಗಳನ್ನು ಚೀಟಿಯಲ್ಲಿ ಬರೆದೆ.

ತಂದೆಗೆ ಹೇಳುವುದೋ, ಕೋಚಿಗೆ ಹೇಳುವುದೋ ಎಂದು ತುಂಬ ಹೊತ್ತು ಯೋಚಿಸಿ, ಕೊನೆಗೆ ಅವಳನ್ನೇ ಕರೆದು ಚೀಟಿ ಕೊಟ್ಟೆ. ಮೆಟ್ಟಿಲ ಮೇಲೆ ಕುಳಿತು ಓದಿದಳು.

“ಬಾಪನಿಗೆ ಹೇಳಿದ್ರಾ ಅಂಕಲ್?”

ಇಲ್ಲ ಎಂದೆ.

“ರಂಜಾನ್ ನೋಂಬಿನ ಮೊದಲೇ ಇತ್ತು,” ಎಂದಳು. “ನೀವು ಎಲ್ಲರ ಹಾಗೆ ಬಾಲನ್ನೇ ಶೂಟ್ ಮಾಡಿದ್ದಿದ್ರೆ ಚಂದ ಇತ್ತು.” ಆಮೇಲೆ ಸಣ್ಣಗೆ ನಕ್ಕಳು. ನನಗೆ ನಗಲಾಗಲಿಲ್ಲ.

ಆ ಸಂಜೆ ಅವಳೇ ತಂದೆಗೆ ಹೇಳಿದಳು, ನನ್ನನ್ನೂ ಕರೆದು ಕೂರಿಸಿಕೊಂಡು. ತಂದೆ ಮೊದಲು ಅವಳ ಮೊಣಕಾಲನ್ನು ನೋಡಿದರು, ಆಮೇಲೆ ನನ್ನನ್ನು.

“ಆ ಆರು ಜಾಗ ತೆಗೆದುಬಿಡಿ ಮಾರಾಯ್ರೆ,” ಎಂದರು. “ಎಲ್ಲ ಕೂಡಿದ್ರೂ ಆರು ಸೆಕೆಂಡ್ ಉಂಟಾ ಇಲ್ವಾ. ಗ್ಯಾರೇಜಲ್ಲಿ ಡೆಂಟ್ ತೆಗೆಯುದಿಲ್ವಾ, ಹಾಗೆ. ಕಾಲು ಇಲ್ಲೇ ಸರಿ ಮಾಡಿಸುವ. ಸೀಟು ಹೋದ್ರೆ ಮತ್ತೆ ಬರ್ತದಾ?”

ತಪ್ಪು ಎಂದು ನಾನು ಹೇಳಬಹುದಿತ್ತು. ಆದರೆ ಸೀಟು ನನ್ನದಲ್ಲ, ಮೊಣಕಾಲೂ ನನ್ನದಲ್ಲ.

ಅವಳು ಮೆಲ್ಲಗೆ ಮಾತಾಡಿದಳು. “ಬಾಪಾ, ತೆಗೆದ್ರೆ ಸೀಟು ಸಿಗ್ತದೆ. ಅಲ್ಲಿ ಹೋಗಿ ಮೊದಲನೇ ವಾರ ನಾನು ಬೀಳ್ತೇನೆ. ಟೀಮಲ್ಲಿ ನನ್ನ ಜಾಗಕ್ಕೆ ಬರ್ಬೇಕಾದವಳು ಯಾವುದೋ ಊರಲ್ಲಿ ಮನೆಯಲ್ಲಿ ಕೂತಿರ್ತಾಳೆ. ಅವಳಿಗೆ ಎಂತ ಹೇಳುದು?”

ತಂದೆ ಎದ್ದು ಬಾಲ್ಕನಿಗೆ ಹೋದರು.

ಅವಳು ಅಲ್ಲೇ ಕುಳಿತು ಚೆನ್ನೈಗೆ ಇಂಗ್ಲಿಷಿನಲ್ಲಿ ಸಂದೇಶ ಬರೆದಳು. ನನಗೆ ಓದಲು ಕೊಟ್ಟಳು. ಕ್ಷಮೆ ಕೇಳಿರಲಿಲ್ಲ, ನೆಪ ಹೇಳಿರಲಿಲ್ಲ, ಬರೆದದ್ದು ಇಷ್ಟೇ: ವಿಡಿಯೋ ಪೂರ್ತಿ ಇದೆ, ತೆಗೆದವರಿಗೆ ಆಟ ಗೊತ್ತಿಲ್ಲದ್ದರಿಂದ ಚೆಂಡು ಕಾಣುವುದಿಲ್ಲ. ಕೆಳಗೆ ಕೊಟ್ಟ ಆರು ಕಡೆ ನನ್ನ ಎಡ ಮೊಣಕಾಲನ್ನು ನೋಡಿ. ನಾಲ್ಕು ತಿಂಗಳಿಂದ ನೋವಿದೆ, ಯಾರಿಗೂ ಹೇಳಿರಲಿಲ್ಲ, ಈ ವಾರ ಸ್ಕ್ಯಾನ್ ಮಾಡಿಸುತ್ತೇನೆ. ನನ್ನ ಕೆಲಸದಲ್ಲಿ ನಾನು ಕ್ಲೇಮು ಕೇಳುವವರ ಸಾವಿರಾರು ಹೇಳಿಕೆಗಳನ್ನು ಓದಿದ್ದೇನೆ. ತನಗೆ ನಷ್ಟವಾಗುವ ಸಾಲನ್ನು ಯಾರೂ ಕೇಳದೆ ಹಾಗೆ ನೇರವಾಗಿ ಬರೆದವರು ನನಗೆ ನೆನಪಿಲ್ಲ.

ಸ್ಕ್ಯಾನಿನಲ್ಲಿ ಮೊಣಕಾಲಿನೊಳಗಿನ ಮೃದು ಎಲುಬು ಸ್ವಲ್ಪ ಹರಿದಿರುವುದು ಕಂಡಿತು. ಶಸ್ತ್ರಚಿಕಿತ್ಸೆ ಈಗಲೇ ಬೇಡ, ವ್ಯಾಯಾಮ ಮಾಡಿಸಿ ನೋಡೋಣ, ಆದರೆ ಹಾರುವುದು ಓಡುವುದು ತಿಂಗಳುಗಟ್ಟಲೆ ಇಲ್ಲ ಎಂದರು ವೈದ್ಯರು. ಅದನ್ನೂ ಅವಳು ಚೆನ್ನೈಗೆ ಕಳಿಸಿದಳು. ಫಿಲಿಪಿನೋ ಕೋಚ್ ಸುದ್ದಿ ಕೇಳಿ ಅವತ್ತು ಸಂಜೆಯೇ ಬಂದರು. ಪಂದ್ಯದ ಉದ್ದಕ್ಕೂ ತಾನೂ ಚೆಂಡನ್ನೇ ನೋಡುತ್ತಿದ್ದೆ ಎಂದು ಎರಡು ಸಲ ಹೇಳಿದರು, ಒಮ್ಮೆ ಅವಳಿಗೆ, ಒಮ್ಮೆ ಅವಳ ತಂದೆಗೆ.

ಚೆನ್ನೈನಿಂದ ಉತ್ತರ ಬರಲು ಎಂಟು ದಿನ ಹಿಡಿಯಿತು. ಆ ಎಂಟು ದಿನ ಕಟ್ಟಡದ ಮೆಟ್ಟಿಲಲ್ಲಿ ತಂದೆ ಎದುರಾದಾಗಲೆಲ್ಲ ಬರೀ ಸಲಾಂ, ಹವೆಯ ಮಾತು. ಕೊನೆಗೆ ಚೆನ್ನೈನ ಕೋಚ್ ಬರೆಯುವ ಬದಲು ವಿಡಿಯೋ ಕರೆ ಮಾಡಿದರು. ನಾನು ಅಲ್ಲಿರಲಿಲ್ಲ, ಹುಡುಗಿ ಹೇಳಿದಷ್ಟು ಬರೆಯುತ್ತೇನೆ. ಮೊದಲ ಪಾಳಿಯ ಒಂಬತ್ತನೇ ನಿಮಿಷದಲ್ಲಿ ಎಡ ಮೂಲೆಗೆ ಯಾಕೆ ಹೋದೆ ಎಂದು ಕೇಳಿದರಂತೆ. ಎದುರಿನ ಹುಡುಗಿ ಸುಸ್ತಾದಾಗ ಎಡಗೈಯಿಂದ ಪಾಸ್ ಕೊಡುವುದಿಲ್ಲ, ಹಾಗಾಗಿ ಚೆಂಡು ಅಲ್ಲಿಗೇ ಬರಬೇಕಿತ್ತು ಎಂದು ಇವಳು ಉತ್ತರ ಕೊಟ್ಟಳಂತೆ. ಆಮೇಲೆ ಅವರು ಮೊಣಕಾಲಿನ ಮಾತಿಗೆ ಬಂದು ಹೇಳಿದರಂತೆ: ಕಾಲೇಜಿನ ಸೀಟು ಕೊಡುತ್ತೇನೆ. ಈ ವರ್ಷ ಜರ್ಸಿ ಇಲ್ಲ. ನಮ್ಮ ಫಿಸಿಯೋ ಹೇಳಿದಂತೆ ಕೇಳಬೇಕು, ಪಂದ್ಯಗಳಲ್ಲಿ ನನ್ನ ಪಕ್ಕದಲ್ಲಿ ಕುಳಿತು ಎದುರು ತಂಡವನ್ನು ಓದಿ ಹೇಳಬೇಕು. ಮುಂದಿನ ವರ್ಷ ಕಾಲು ಒಪ್ಪಿದರೆ ಆಡುತ್ತೀ, ಒಪ್ಪದಿದ್ದರೆ ಆಡುವುದಿಲ್ಲ. ರೈಲ್ವೆ, ರಾಜ್ಯ ತಂಡ ಯಾವುದರ ಬಗ್ಗೆಯೂ ನಾನು ಮಾತು ಕೊಡುವುದಿಲ್ಲ. ಮನೆಯಲ್ಲಿ ಕೇಳಿ ಹೇಳು.

ಮರುದಿನ ತಂದೆ ನಮ್ಮ ಮನೆಗೆ ಬಂದರು. ಚಹಾ ಬೇಡ ಎಂದರು. ನನ್ನ ಎದುರು ಕುಳಿತು, ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಕೆಲಸದ ಬಗ್ಗೆ ತಮಾಷೆಯಿಲ್ಲದೆ ಕೇಳಿದರು:

“ನೀವು ಇಷ್ಟು ಗಾಡಿ ನೋಡಿದವರು. ಹೇಳಿ. ಆ ಕಾಲು ನಿಲ್ತದಾ?”

ನಾನು ಪ್ರತಿ ವರದಿಯ ಕೊನೆಗೆ ಅಭಿಪ್ರಾಯ ಬರೆದು ಸಹಿ ಹಾಕುವವನು. ಅವರ ಮುಖ ನೋಡಿದೆ. “ಗೊತ್ತಿಲ್ಲ,” ಎಂದೆ.

ಅವರು ತಲೆಯಾಡಿಸಿದರು.

“ಅವಳಿಗೂ ಗೊತ್ತಿಲ್ವಂತೆ,” ಎಂದರು. “ಕೇಳಿದೆ. ಬೆಂಚಲ್ಲಿ ಕೂತ್ರೂ ಹೋಗ್ತೇನೆ ಅಂತಾಳೆ.” ಜೇಬಿನಿಂದ ಫೋನು ತೆಗೆದು, ಚೆನ್ನೈ ವಿಮಾನದ ಎರಡು ಟಿಕೆಟುಗಳನ್ನು ತೋರಿಸಿದರು. ಒಂದು ಅವಳದು, ಒಂದು ಅವರದು. ಆ ಕಾಲೇಜಿನ ಹುಡುಗಿಯರು ಅಭ್ಯಾಸ ಮಾಡುವುದನ್ನು ತಾವೇ ಒಳಗೆ ಕುಳಿತು ಒಂದು ಪೂರ್ತಿ ದಿನ ನೋಡಿ ಬರುತ್ತಾರಂತೆ.