ಗೀರು ಬಿದ್ದ ಬಾಗಿಲು

ಮದ್ದೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನರ್ಸಮ್ಮ ಮಳವಳ್ಳಿ ಆಸ್ಪತ್ರೆಯಲ್ಲಿ ದಿನವಿಡೀ ನಿಂತು, ಬಸ್ಸಿನಲ್ಲೂ ನಿಂತೇ ಮನೆಗೆ ಬರುತ್ತಿದ್ದರು. ಮಂಡಿನೋವು ಹೆಚ್ಚಾದ ಮೇಲೆ ಕರೆಂಟಿನ ಕಾರೊಂದನ್ನು ತಿಂಗಳ ಬಾಡಿಗೆಗೆ, ಲೀಸಿಗೆ ಹಿಡಿಯಲು ಹೊರಟರು. ಅವರೆಕಾಯಿ ಸುಲಿಯುತ್ತಾ, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಒಂದೊಂದೇ ಕಂಪನಿಯನ್ನು ವಿಚಾರಿಸುವರು. ಎಲ್ಲ ಕಡೆಯೂ ಅವರ ಸಂಬಳಕ್ಕೆ ಮೀರಿದ ಬಾಡಿಗೆ. "ಕೇಳೋದ್ರಲ್ಲಿ ಏನೋಯ್ತದೆ ಕಣಮ್ಮ?" ಎನ್ನುತ್ತಾ ಮತ್ತೊಂದು ನಂಬರು ಒತ್ತುವರು.

ಕೊನೆಗೆ ಮಂಡ್ಯದ ಶೋರೂಮಿಗೆ ನನ್ನನ್ನೂ ಕರೆದೊಯ್ದರು. ಅಲ್ಲೂ ಬಾಡಿಗೆ ಹೆಚ್ಚೇ. ಆದರೆ ಮೂಲೆಯಲ್ಲಿ, ಗಿರಾಕಿಗಳು ಓಡಿಸಿ ನೋಡುವ ಕಾರೊಂದು ನಿಂತಿತ್ತು. ಅದರ ಬಾಗಿಲಿನುದ್ದಕ್ಕೂ ಗೀರು.

"ಇದ್ನ ಕಮ್ಮಿಗೆ ಕೊಡಪ್ಪ," ಎಂದರು ನರ್ಸಮ್ಮ, ಕಾರು ತೋರಿಸುತ್ತಿದ್ದ ಹುಡುಗನಿಗೆ.

"ಗೀರಾಗಿದೆ ಮೇಡಂ, ಚೆನ್ನಾಗಿ ಕಾಣಲ್ಲ."

"ಒಳಗ್ ಕುಂತೋರ್ಗೆ ಗೀರು ಕಾಣ್ತದೇನಪ್ಪ?"

ಆತ ನಗುತ್ತಲೇ ಮ್ಯಾನೇಜರನ್ನು ಕೇಳಿ ಬಂದ. ನರ್ಸಮ್ಮನ ಸಂಬಳಕ್ಕೆ ಒಗ್ಗುವ ಬಾಡಿಗೆಗೇ ಕಾರು ಸಿಕ್ಕಿತು.

ಮನೆಗೆ ಬಂದವರು ಗೀರಿನ ಬಾಗಿಲು ನಮ್ಮ ಅಂಗಳದ ಕಡೆಗೆ ಬರುವಂತೆ ಕಾರು ನಿಲ್ಲಿಸಿದರು. "ಬೀದಿಯೋರು ಆಡ್ಕೋತಾರೆ. ನೀನಾದ್ರೆ ಏನೂ ಅನ್ನಕಿಲ್ಲ ಕಣಮ್ಮ" ಎಂದರು.

ಅವರಿಗೆ ವರ್ಗವಾಗುವವರೆಗೂ, ಬೆಳಿಗ್ಗೆ ರಂಗೋಲಿ ಬಿಡಲು ಬಂದರೆ ಮೊದಲು ಕಾಣುತ್ತಿದ್ದದ್ದು ಆ ಗೀರೇ. ನಾನು ಯಾರ ಹತ್ತಿರವೂ ಏನೂ ಅನ್ನಲಿಲ್ಲ. ಈಗ ಬರೆದುಬಿಟ್ಟೆ, ಅಷ್ಟೆ.